ಮೂರೂ ಐವತ್ತಾರು

ಇವರೇ,

"ಈ ಐವತ್ತರ ವೆಡ್ಜ್ ಎಲ್ಲಿ ಹೋಯ್ತು ಮಾರಾಯ?" ಎಂದು ಬೆಳಿಗ್ಗೆ ಚಾವಡಿಯಲ್ಲಿ ಯಾರಿಗೂ ಅಲ್ಲದೆ ಕೇಳಿದಿರಲ್ಲ, ಅದು ಎಲ್ಲಿಗೂ ಹೋಗಿಲ್ಲ. ನೀವು ತರಿಸಿಯೇ ಇಲ್ಲ. ಹೊಸ ಗಾಲ್ಫ್ ಐರನ್ ಸೆಟ್ಟಿನ ಕೊನೆಯ ಕೋಲಿನ ಮುಖದ ಓರೆ ನಲವತ್ತನಾಲ್ಕು ಡಿಗ್ರಿ, ಅದಾದ ಮೇಲೆ ಚೆಂಡನ್ನು ಮೇಲೆತ್ತಿ ಹೊಡೆಯುವ ವೆಡ್ಜ್ ಐವತ್ತರದ್ದೊಂದು, ಮತ್ತೆ ಐವತ್ತಾರರದ್ದೊಂದು ಬೇಕು ಎಂದು ನನಗೆ ವಿವರಿಸಿದವರು ನೀವೇ. ಗಾಲ್ಫ್ ಬ್ಯಾಗಿನಲ್ಲಿ ಹೊಸ ವೆಡ್ಜ್ ಮೂರು ಉಂಟು. ಮೂರೂ ಐವತ್ತಾರು. ಒಂದು ತರಿಸಿದ್ದನ್ನು ಮರೆತು ಇನ್ನೊಂದು ತರಿಸಿದ್ದೀರಿ.

ಮೊನ್ನೆ ಸಂಜೆಯ ಮಗ್ರಿಬ್ ನಮಾಝ್ ಕಳೆದು ಬೈತ್ ಹಾಡು ಹೇಳುವಾಗ ನಡುವೆ ಸಾಲು ಮರೆತು ನಿಂತಿರಿ. ನಿಮ್ಮ ತಂದೆ, ಉಪ್ಪನ ಬಾಯಲ್ಲಿ ನೀವು ಕೇಳಿ ಬೆಳೆದ ಸಾಲು ಅದು, ಒಳಗಿನಿಂದ ನಾನೇ ಹೇಳಿಕೊಟ್ಟೆ. ನೀವು ನಗಾಡಿದಿರಿ. ಆದರೆ ಆಟ ಮುಗಿಸಿ ಫರಂಗಿಪೇಟೆಗೆ ಬರಬೇಕಾದವರು ಊರು ದಾಟಿ ಎಷ್ಟೋ ಮುಂದೆ ಮಡಂತ್ಯಾರಿನಲ್ಲಿ ಕಾರು ನಿಲ್ಲಿಸಿ, ನಮ್ಮ ಮನೆಗೆ ದಾರಿ ಯಾವುದೆಂದು ಫೋನ್ ಮಾಡಿದಾಗ ನನಗೆ ನಗು ಬರಲಿಲ್ಲ.

ಗಂಜಿ ಮುಚ್ಚಿಟ್ಟಿದ್ದೇನೆ, ಚಟ್ನಿ ಫ್ರಿಜ್ಜಿನಲ್ಲಿ ಉಂಟು. ನನ್ನ ತಮ್ಮ ಸುಹೈಬನ ಜೊತೆ ಬಸ್ಸಿನಲ್ಲಿ ಮಂಗಳೂರಿಗೆ ಹೋಗಿ, ನರದ ಡಾಕ್ಟರ ಹತ್ತಿರ ನಿಮ್ಮನ್ನು ಯಾವಾಗ ಕರೆತರುವುದೆಂದು ಕೇಳಿ ಬರ್ತೇನೆ. ದುಆ ಮಾಡ್ತಾ ಇದ್ದೇನೆ, ಆದರೆ ಡಾಕ್ಟರೂ ಬೇಕು. ಸಿಟ್ಟು ಮಾಡಬೇಡಿ.

ಕಾರಿನ ಕೀ ನನ್ನ ಹತ್ತಿರ ಉಂಟು. ಫೋನ್ ಮಾಡಿ ಕೇಳ್ತೀರಿ, ಗೊತ್ತು. ಕೊಡುವುದಿಲ್ಲ.