ಉಳ್ಳಾಲದ ಕಡಲಬಾಗಿಲಿಗೆ ಯಾವ ತಿರುಳು

ಉಳ್ಳಾಲ,
2207ರ ಫೆಬ್ರವರಿ 30

ನಮಗಿಂತ ಇನ್ನೂರು ವರ್ಷ ಹಿಂದೆ ಕರ್ನಲ್ ಬರೆಯುತ್ತಿರುವ ಹಿರಿಯರಿಗೆ,

ತಾರೀಕು ತಪ್ಪಲ್ಲ, ನಮ್ಮ ಕಾಲದಲ್ಲಿ ತಿಂಗಳುಗಳನ್ನು ಸಮ ಮಾಡಿದ್ದಾರೆ. ಮಾತುಗಳೂ ವಿಚಿತ್ರವೆನಿಸಿದರೆ ಕ್ಷಮಿಸಿ. ಗಣಕಯಂತ್ರವನ್ನು ನಡೆಸುವ ಮೂಲ ತಂತ್ರಾಂಶವಾದ ನಿಮ್ಮ ಕರ್ನಲ್ಲನ್ನು ನಾವು ತಿರುಳು ಎನ್ನುತ್ತೇವೆ. ಅದರ ಸುತ್ತ ಉಳಿದ ತಂತ್ರಾಂಶವನ್ನು ಜೋಡಿಸಿ ಊರೂರಿಗೆ ಹಂಚುವ ಗುಂಪು ನಮ್ಮದು, ಹೆಸರು ಹೊಂಗೆ. ಸಮುದ್ರ ಏರಿದ ಮೇಲೆ ಕಟ್ಟಿದ ಕಡಲಬಾಗಿಲುಗಳು, ಅಂದರೆ ಉಬ್ಬರವನ್ನು ತಡೆಯುವ ಉಕ್ಕಿನ ಗೇಟುಗಳು, ನಡೆಯುವುದು ಹೊಂಗೆಯಿಂದಲೇ. ಪ್ರತಿ ವರ್ಷ ಮಳೆಗಾಲಕ್ಕೆ ಮುನ್ನ ಒಂದು ದಿನ, ಯಾವ ತಿರುಳು ಬಳಸುವುದೆಂದು ಗೊತ್ತುಮಾಡುತ್ತೇವೆ. ಆಮೇಲೆ ಮಳೆ ನಿಲ್ಲುವವರೆಗೆ ಅದನ್ನು ಬದಲಿಸುವಂತಿಲ್ಲ. ಕೊನೆಯ ಮಾತು ನನ್ನದು.

ಕಳೆದ ವರ್ಷ ಆ ದಿನ ಹತ್ತಿರ ಬಂದಾಗ ಹಳೆಯ ತಿರುಳಿನಲ್ಲಿ ಬಿರುಕೊಂದು ಸಿಕ್ಕಿತು. ಯಾರೋ ಅದರೊಳಗೆ ನುಸುಳಿ ಉತ್ತರದ ಬಂದರೊಂದರ ಬಾಗಿಲನ್ನು ತೆರೆದುಬಿಟ್ಟಿದ್ದರು. ಹೊಸ ತಿರುಳಿನಲ್ಲಿ ಬಿರುಕು ಮುಚ್ಚಿತ್ತು, ಆದರೆ ಅದು ಬಂದು ತಿಂಗಳೂ ಆಗಿರಲಿಲ್ಲ.

ಭದ್ರತೆ ನೋಡಿಕೊಳ್ಳುವ ಮೈಮೂನಾ ಪಟ್ಟು ಬಿಡಲಿಲ್ಲ. "ಹೊಸತೇ ಹಾಕುವ. ಊರು ಮುಳುಗಿದ ಮೇಲೆ ಎಂತ ಪರೀಕ್ಷೆ ಮಾಡ್ಲಿಕ್ಕುಂಟು?"

ಪರೀಕ್ಷೆಯ ಹೊಣೆ ಹೊತ್ತ ಸೇಸಪ್ಪಣ್ಣ ಒಪ್ಪಲಿಲ್ಲ. "ನಮ್ಮ ಮೋಟಾರು ಹಳೇದು ಮಾರಾಯ್ತಿ. ನೀರಿನ ಒತ್ತಡದಲ್ಲಿ ಒಮ್ಮೆ ಓಡಿಸಿ ನೋಡದೆ ನಾನು ಹೂಂ ಅನ್ನುದಿಲ್ಲ."

ಉಬ್ಬರ ಏರುವಾಗ ಉಳ್ಳಾಲದ ಬಾಗಿಲಲ್ಲೇ ಹೊಸ ತಿರುಳನ್ನು ಓಡಿಸಿದೆವು. ಬಾಗಿಲು ಅರ್ಧ ಇಳಿದು ನಿಂತುಬಿಟ್ಟಿತು. ನೀರು ಓಣಿಗೆ ನುಗ್ಗಿತು. ಮೊದಲ ಸಾಲಿನಲ್ಲೇ ಮೈಮೂನಾ ಮತ್ತು ಅವಳ ತಾಯಿಯ ಮನೆ.

"ಹಳೆಯದಕ್ಕೆ ಹೋಗಿ ಸೇಸಪ್ಪಣ್ಣಾ! ಉಮ್ಮ ಒಳಗಿದ್ದಾರೆ!" ಅವಳು ಕೂಗಿದಳು.

ಯಂತ್ರದಲ್ಲಿ ಹೊಸದರ ಪಕ್ಕ ಹಳೆಯ ತಿರುಳನ್ನೂ ಇಟ್ಟಿರುತ್ತೇವೆ. ಸೇಸಪ್ಪಣ್ಣ ಅದನ್ನು ಆರಿಸಿ ಯಂತ್ರವನ್ನು ಮತ್ತೆ ಎಬ್ಬಿಸಿದರು. ಅದು ಏಳುವವರೆಗೆ ನೀರು ಏರುತ್ತಲೇ ಇತ್ತು. ಕಡೆಗೆ ಬಾಗಿಲು ನರಳುತ್ತ ಇಳಿಯಿತು. ನಾವು ಓಡಿ ಹೋದಾಗ ಉಮ್ಮ ಮೇಜಿನ ಮೇಲೆ ಕೂತಿದ್ದರು, ಮೊಣಕಾಲವರೆಗೆ ಒದ್ದೆ. "ಬಾಗಿಲು ಹಾಕ್ಲಿಕ್ಕೆ ಇಷ್ಟು ಹೊತ್ತಾ?" ಎಂದು ಬೈದರು. ಮೈಮೂನಾ ಅತ್ತುಬಿಟ್ಟಳು.

ಕಾರಣ ಮರುದಿನ ತಿಳಿಯಿತು. ನಿಮ್ಮ ಕಾಲದವರು ತಿರುಳಿನಲ್ಲಿ ಮೋಟಾರನ್ನು ನಡೆಸುವ ಸಾಲುಗಳ ನಡುವೆ ಒಂದು ಸಣ್ಣ ವಿರಾಮ ಇಟ್ಟಿದ್ದರು. ಏಕೆಂದು ಬರೆದಿರಲಿಲ್ಲ. ಹೊಸ ತಿರುಳು ಬರೆದವರು ಅದನ್ನು ಕಸವೆಂದು ಕಿತ್ತುಹಾಕಿದ್ದರು. ಆ ವಿರಾಮವಿಲ್ಲದೆ ನಮ್ಮ ಹಳೆಯ ಮೋಟಾರು ತಡೆದು ನಿಂತಿತ್ತು.

ಹಳೆಯ ತಿರುಳೇ ಇರಲಿ, ಹೊಸದರಿಂದ ಬಿರುಕು ಮುಚ್ಚುವ ತೇಪೆಯನ್ನಷ್ಟೇ ತಂದು ಹೊಲಿಯೋಣ, ಹೊಸದು ಮಳೆ ಕಳೆಯುವವರೆಗೆ ಕಾಯಲಿ ಎಂದು ನಾನು ತೀರ್ಮಾನಿಸಿದೆ. ಆ ತೇಪೆ ಹೊಲಿದವಳು ಮೈಮೂನಾ. ಪ್ರತಿ ಉಬ್ಬರದಲ್ಲೂ ಓಡಿಸಿ ನೋಡಿದವರು ಸೇಸಪ್ಪಣ್ಣ. ತುಳುವರ ಆಟಿ ತಿಂಗಳ ಅಮಾವಾಸ್ಯೆಯಂದು, ಮಳೆಯ ನಡುವೆ, ಆ ನುಸುಳುಕೋರರು ನಮ್ಮ ಬಾಗಿಲನ್ನೂ ತಟ್ಟಿದರು. ಅದು ತೆರೆಯಲಿಲ್ಲ.

ನಿಮ್ಮಲ್ಲಿ ಒಂದೇ ಬೇಡಿಕೆ. ಏನು ಬರೆದರೂ ಪಕ್ಕದಲ್ಲಿ ಏಕೆಂದು ಒಂದು ಸಾಲು ಬರೆಯಿರಿ. ನಾವು ಕೇಳಬೇಕೆಂದಾಗ ನೀವು ಇರುವುದಿಲ್ಲ.

ಐರಿನ್ ಕುಟಿನ್ಹ