ಗಡ್ಡೆಯೆಂದು ಹೇಳಿದ್ದು

ಸತ್ತಿ
೧೪ ಡಿಸೆಂಬರ್ ೧೯೯೪

ನಿಪ್ಪಾಣಿಯ ನನ್ನ ಸಾವಕ್ಕನಿಗೆ,

ತಂಗಿ ಶಿವಗಂಗಾ ಬಗ್ಗಿ ಮಾಡುವ ನಮಸ್ಕಾರ. ಈಗ ನಾನು ಏನು ಮಾಡಿದರೂ ಬಗ್ಗಿಯೇ ಮಾಡುವುದು. ಸೊಂಟ ನೆಟ್ಟಗಾಗುವುದಿಲ್ಲ, ಮಲಗಿದರೆ ಮೊಣಕಾಲ ಕೆಳಗೆ ದಿಂಬು ಬೇಕು.

ಹೊಟ್ಟೆಯ ಆಪರೇಷನ್ ಆಗಿ ಇಂದಿಗೆ ಹದಿನೇಳು ದಿನ. ಈ ಸೊಂಟದಿಂದ ಆ ಸೊಂಟದವರೆಗೆ ಹೊಲಿದ ಗೆರೆ ಚೆನ್ನಾಗಿಯೇ ಕೂಡಿಕೊಳ್ಳುತ್ತಿತ್ತು. ಬಾವು ಮಾತ್ರ ಬೆಳಿಗ್ಗೆ ಇಳಿದು ಸಂಜೆಗೆ ಮತ್ತೆ ಏರುತ್ತಿತ್ತು. ಮೂರು ತಿಂಗಳು ಹೀಗೇ ಇರುತ್ತದೆ, ಹೆದರಬೇಡಿ ಎಂದು ಮಿರಜದ ಡಾಕ್ಟರು ನಿನ್ನೆದುರಿಗೇ ಹೇಳಿದ್ದರಲ್ಲ. ಆದರೆ ಈ ಮನೆಯಲ್ಲಿ ಅದನ್ನು ಹೇಗೆ ಹೇಳಲಿ? ಹೊಟ್ಟೆಯಲ್ಲಿ ಗಡ್ಡೆ ಇದೆ, ತೆಗೆಸಬೇಕು ಎಂದು ನಾವಿಬ್ಬರೂ ಸೇರಿ ಹೇಳಿದ್ದು. ದ್ರಾಕ್ಷಿಗೆ ಔಷಧ ಹೊಡೆಯುವ ಗಡಿಬಿಡಿಯಲ್ಲಿ ನಮ್ಮವರು ಆಸ್ಪತ್ರೆಗೆ ಬರಲಿಲ್ಲ, ನಮ್ಮ ಸುಳ್ಳು ದಕ್ಕಿತು.

ಬಾವು ಕಂಡ ಅತ್ತೆಯವರ ಎದೆ ಒಡೆಯಿತು. "ಗಡ್ಡಿ ಮತ್ತ ಬೆಳಿಯಾಕತ್ತೈತಿ" ಎಂದು ಅತ್ತರು. ನನ್ನ ನಾಲ್ಕೂ ಬಾಣಂತನದಲ್ಲಿ ಮಾಡಿದ್ದನ್ನೇ ಈಗಲೂ ಮಾಡಿದರು. ಹಳೆಯ ಸೀರೆಯಿಂದ ಹೊಟ್ಟೆ ಬಿಗಿದು ಕಟ್ಟಿದರು, ಇಟ್ಟಿಗೆ ಕಾಸಿ ಅರಿವೆಯಲ್ಲಿ ಸುತ್ತಿ ಶೇಕ ಕೊಟ್ಟರು. ಹೊಕ್ಕುಳ ಕೆಳಗಿನ ಚರ್ಮಕ್ಕೆ ಇನ್ನೂ ಸ್ಪರ್ಶವೇ ತಿಳಿಯುವುದಿಲ್ಲ ಅಕ್ಕಾ, ಮುಟ್ಟಿದರೆ ಬೇರೆಯವರ ಮೈ ಮುಟ್ಟಿದ ಹಾಗಿರುತ್ತದೆ. ಅವರು ಸುಡತೈತೇನ ಎಂದು ಕೇಳಿದರು. ಇಲ್ರಿ, ಇನ್ನಷ್ಟ ಇಡ್ರಿ ಎಂದವಳು ನಾನೇ. ಅರಿವೆ ತೆಗೆದಾಗ ಅಂಗೈ ಅಗಲ ಬೊಬ್ಬೆ ಎದ್ದಿತ್ತು. ಮರುದಿನ ಹೊಲಿಗೆಯ ಗೆರೆ ಎರಡು ಬೆರಳಿನಷ್ಟು ಬಾಯಿ ಬಿಟ್ಟಿತು.

ಶೇಕ ಕೊಡಲೇಬಾರದು ಎಂದು ಡಾಕ್ಟರು ಕೊಟ್ಟ ಚೀಟಿಯಲ್ಲಿ ಮರಾಠಿಯಲ್ಲಿ ಬರೆದಿತ್ತು. ಆದರೆ ಅದರ ತಲೆಯ ಮೇಲೆಯೇ ಏನು ಆಪರೇಷನ್ ಎಂದೂ ಬರೆದಿತ್ತು, ನಮ್ಮವರಿಗೆ ಮರಾಠಿ ನೀರು ಕುಡಿದಷ್ಟು ಸಲೀಸು. ಚೀಟಿಯನ್ನು ಟ್ರಂಕಿನ ತಳಕ್ಕೆ ಹಾಕಿ ಕೀಲಿ ಹಾಕಿದೆ, ತಲೆಯ ಸಾಲಿನ ಕೆಳಗಿನದನ್ನು ಓದಿದ್ದು ಬೊಬ್ಬೆ ಎದ್ದ ಮೇಲೆಯೇ.

ಜೋತ ಹೊಟ್ಟೆಯನ್ನು ಕೊಯ್ಸಿ ಬಿಗಿಮಾಡಿಸಿಕೊಂಡದ್ದು ಯಾಕೆ ಎಂದು ನೀನು ಕೇಳುವುದಿಲ್ಲ, ನಿನಗೆ ಗೊತ್ತು. ಅಥಣಿಯಲ್ಲಿ ಏಳು ತಿಂಗಳ ಬಸುರಿ ದ್ರೌಪದಿಯ ಕುಬಸಕ್ಕೆ ಹೋದಾಗ ಉಡಿ ತುಂಬುವವಳು ಅವಳನ್ನು ದಾಟಿ ನನ್ನ ಮುಂದೆ ಬಂದು, ನಿಮಗ ಎಷ್ಟನೇ ತಿಂಗಳ್ರಿ ಎಂದು ಕೇಳಿದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಕೊನೆಯ ಮಗನಿಗೆ ಆಗ ಆರು ವರ್ಷ.

ಈಗ ಅತ್ತೆಯವರು ಊಟ ಬಿಟ್ಟು ನಾಲ್ಕು ದಿನ. ಬರೀ ಚಹಾ. "ನನ್ನ ಕೈಯಾರ ಸುಟ್ಟೆ, ದೇವ್ರ ನನಗ ಅನ್ನ ಬ್ಯಾಡ ಅಂದಾನ" ಎಂದು ಬಂದವರಿಗೆಲ್ಲ ತಾವೇ ಹೇಳುತ್ತಾರೆ. ವಯಸ್ಸು ಎಪ್ಪತ್ತು ದಾಟಿದೆ, ನಿನ್ನೆ ಹಿತ್ತಿಲಲ್ಲಿ ತಲೆ ತಿರುಗಿ ಬಿದ್ದರು. ಮಾಡಿದ್ದುಣ್ಣೋ ಮಾರಾಯ ಎನ್ನುತ್ತಾರೆ, ಇಲ್ಲಿ ಮಾಡಿದವಳು ನಾನು, ಉಪವಾಸ ಅವರದು. ಒಂದು ಮಾತು ಹೇಳಿದರೆ ಅವರು ಉಣ್ಣುತ್ತಾರೆ. ಆ ಮಾತು ಬಾಯಿಗೆ ಬರುತ್ತಿಲ್ಲ. ಚೆಂದಕ್ಕಾಗಿ ಹೊಟ್ಟೆ ಕೊಯ್ಸಿಕೊಂಡವಳು ಎಂದು ಊರು ನಗುತ್ತದೆ, ನಮ್ಮವರು ಏನೆನ್ನುತ್ತಾರೋ.

ಗಾಯ ಒಣಗುತ್ತಿದೆ. ನೀನು ಚಿಂತೆ ಮಾಡಬೇಡ.

ನಿನ್ನ ತಂಗಿ,
ಶಿವಗಂಗಾ

ತಾ.ಕ.: ಗಾಯ ಒಣಗುತ್ತಿದೆ ಎಂದು ಬರೆದದ್ದು ಸುಳ್ಳು. ವಾಸನೆ ಬರುತ್ತಿದೆ, ಎರಡು ದಿನದಿಂದ ಜ್ವರ. ಲಕೋಟೆ ಅಂಟಿಸುವ ಮೊದಲು ಹೋಗಿ ಅತ್ತೆಯವರ ಮುಂದೆ ಕುಳಿತು ಎಲ್ಲ ಹೇಳಿಬಿಟ್ಟೆ. ಗಡ್ಡೆ ಇರಲೇ ಇಲ್ಲ, ಚೀಟಿ ಬಚ್ಚಿಟ್ಟವಳು ನಾನು, ಇನ್ನಷ್ಟು ಇಡಿ ಎಂದವಳೂ ನಾನು ಎಂದೆ.  ಅವರು ಎದ್ದು ಹೋಗಿ, ತಾವೇ ರೊಟ್ಟಿ ಹಾಕಿಕೊಂಡು ನನ್ನೆದುರಿಗೆ ಕುಳಿತು ಉಂಡರು. ಉಂಡು ಕೈತೊಳೆದು ಬೈಯಲು ಶುರು ಮಾಡಿದವರು ಇನ್ನೂ ನಿಲ್ಲಿಸಿಲ್ಲ. ಬೈಯುತ್ತಲೇ ನಮ್ಮವರನ್ನು ಜೀಪು ತರಲು ಕಳಿಸಿದ್ದಾರೆ. ಅವರಿಗೆ ಇನ್ನೂ ಏನೂ ಗೊತ್ತಿಲ್ಲ, ದಾರಿಯಲ್ಲಿ ಹೇಳುತ್ತೇನೆ. ನೀನು ಸತ್ತಿಗೆ ಬರಬೇಡ, ನೆಟ್ಟಗೆ ಮಿರಜಕ್ಕೇ ಬಾ. ಅತ್ತೆಯವರು ನನ್ನ ಸೀರೆಗಳನ್ನು ಗಂಟು ಕಟ್ಟುತ್ತ ಈಗಷ್ಟೇ ಅಂದರು: "ಮೊದ್ಲ ಆರಾಮಾಗಿ ಬಾ. ಆಮ್ಯಾಲ ನಿನ್ನ ಕೂಡ ಮಾತ ಬಿಡ್ತೀನಿ."