ನಿನ್ನ ಹೆಸರಿನಲ್ಲಿ ಮುಚ್ಚಿದ ಹವಳದ ದಿಬ್ಬ

ನನ್ನ ಅಪಿಸಾಯ್,

ಮೊನ್ನೆ ಶನಿವಾರ ನನ್ನ ಸೂತಕದ ಕಪ್ಪು ಬಟ್ಟೆ ತೆಗೆಸಿದರು. ಕಪ್ಪು ಕಳಚಿದ ಮೇಲೆ ಗಂಡನ ಹೆಸರು ಹಿಡಿದು ಅಳಬಾರದು ಎಂದು ನಿನ್ನ ಅವ್ವ ಎಚ್ಚರಿಸಿದ್ದಾಳೆ. ಬರೆಯಬಾರದು ಎಂದೇನೂ ಹೇಳಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನೀನಿದ್ದಾಗ ನಾನು ಏನನ್ನಾದರೂ ಉದ್ದಕ್ಕೆ ಹೇಳಲು ಶುರು ಮಾಡಿದರೆ ನೀನು ಚಾಪೆಯ ಮೇಲೆ ಗೊರಕೆ ಹೊಡೆಯುತ್ತಿದ್ದೆ. ಇವತ್ತು ಮಾತ್ರ ಪೂರ್ತಿ ಕೇಳಿಸಿಕೊಳ್ಳಬೇಕು.

ನಿನ್ನನ್ನು ಮಣ್ಣು ಮಾಡಿದ ದಿನ ಏನೇನಾಯಿತು ಎಂದು ನಿನಗೆ ಯಾರು ಹೇಳಿಯಾರು? ಬೆಸ್ತರ ಕುಲದ ಹಿರಿಯ ಹೋದರೆ ಸಮುದ್ರದ ಹವಳದ ದಿಬ್ಬದಲ್ಲಿ ಯಾರೂ ಮೀನು ಹಿಡಿಯದಂತೆ ಅದನ್ನು ಮುಚ್ಚುವುದು ನಮ್ಮ ದ್ವೀಪದಲ್ಲಿ ನಡೆದುಕೊಂಡು ಬಂದದ್ದು. ನಿನ್ನ ಅಪ್ಪ ಹೋದಾಗ ನೀನೇ ಕಂಬ ನೆಟ್ಟಿದ್ದೆ. ಈ ಸಲ ಊರ ಹಿರಿಯ ರಾತು ಇನೋಕೆ ಸೊಂಟದವರೆಗಿನ ನೀರಿನಲ್ಲಿ ನಿಂತು, ನಾರುಬಟ್ಟೆ ಕಟ್ಟಿದ ಕಂಬ ನೆಟ್ಟು, “ಇವತ್ತಿಂದ ಈ ದಿಬ್ಬ ಅಪಿಸಾಯ್‌ದು. ನೂರು ರಾತ್ರಿ ಇಲ್ಲಿ ಯಾರ ಬಲೆಯೂ ಬೀಳಕೂಡದು” ಎಂದರು. ನೂರು ರಾತ್ರಿ ಕಳೆದ ಮೇಲೆ ದಿಬ್ಬ ತೆರೆಯಬೇಕು, ಅಲ್ಲಿ ಹಿಡಿದ ಮೀನಿನಲ್ಲೇ ಊರಿಗೆಲ್ಲ ಊಟ ಹಾಕಬೇಕು, ಅದೇ ದಿನ ಹೆಂಡತಿಯ ಕಪ್ಪು ಇಳಿಸಬೇಕು. ಗುಡ್ಡದ ಊರಿನಿಂದ ಬಂದಿದ್ದ ನಿನ್ನ ಸೋದರತ್ತೆಯ ಮಗ ಸಕಿಯುಸಾ ಅಲ್ಲಿಯವರೆಗೆ ತಾನು ಗಡ್ಡ ಮೀಸೆ ತೆಗೆಯುವುದಿಲ್ಲ ಎಂದು ಹರಕೆ ಹೊತ್ತ. ನಮ್ಮಲ್ಲಿ ಭಾವನ ಸಾವಿನಲ್ಲೂ ತಮಾಷೆ ಮಾಡುವ ಹಕ್ಕು ಅತ್ತೆಯ ಮಗನದು, ಅವನು ಬಿಡುತ್ತಾನೆಯೇ? ನಿನ್ನ ಗುಂಡಿಯಲ್ಲಿ ಮಳೆನೀರು ನಿಂತದ್ದನ್ನು ಬಗ್ಗಿ ನೋಡಿ, “ಏನ್ ಭಾವ, ಸಾಯೋಕೂ ಮಳೆಗಾಲನೇ ಆಗಬೇಕಿತ್ತಾ? ಹೋಗಲಿ ಬಿಡು, ನಿಂಗೆ ಈಜು ಬರುತ್ತೆ” ಎಂದ. ಅಳುತ್ತಿದ್ದ ನಾನು ನಕ್ಕುಬಿಟ್ಟೆ. ನಿನ್ನ ಅವ್ವ ನನ್ನನ್ನು ಹೇಗೆ ನೋಡಿದಳು ಗೊತ್ತೇ!

ನೀನಿದ್ದ ಕೊನೆಯ ವರ್ಷಗಳಲ್ಲಿ ದಿಬ್ಬದಿಂದ ಅಂಗೈಯಷ್ಟು ಮೀನು ತರುವುದೂ ಕಷ್ಟವಾಗಿತ್ತು. ಬಲೆ ಎಳೆದೆಳೆದು ಸಮುದ್ರವನ್ನು ಗುಡಿಸಿ ಹಾಕಿದ್ದೆವು. ನಿನ್ನ ಅಪ್ಪನ ಕಾಲದಲ್ಲಿ ದಿಬ್ಬದ ತುಂಬ ಮೀನಿದ್ದ ಕತೆಗಳನ್ನು ನೀನು ಹೇಳಿದಾಗಲೆಲ್ಲ ನಾನು ರೇಗಿಸುತ್ತಿದ್ದೆ, “ಮೀನು ಸಾಲದು ಅಂತ ಬಾಯಲ್ಲೇ ಹಿಡೀತೀಯಾ?” ಎಂದು. ನೂರು ರಾತ್ರಿ ಮುಗಿದ ಬೆಳಿಗ್ಗೆ ರಾತು ಇನೋಕೆಯ ಜೊತೆ ನಾನೇ ನೀರಿಗಿಳಿದು ನೋಡಿದೆ. ಗಿಳಿಮೀನಿನ ಮರಿಗಳು ಹವಳದ ಕೊಂಬೆಗಳ ನಡುವೆ ಗಿಜಿಗುಡುತ್ತಿದ್ದವು. ಇಷ್ಟು ಚಿಕ್ಕವನ್ನು ಹಿಡಿಯುವುದು ಬೇಡ, ಒಂದು ವರ್ಷ ತಡೆಯೋಣ ಎಂದರು ರಾತು. ಒಂದು ವರ್ಷದ ಮೇಲೆ ಇನ್ನೊಂದು ವರ್ಷ ಎಂದರು. ಅಷ್ಟರಲ್ಲಿ ಸುದ್ದಿ ಹಬ್ಬಿ, ನೋಡಲು ಜನ ಬರತೊಡಗಿದರು.

ಎಲ್ಲೆಲ್ಲಿಂದಲೋ ಬರುತ್ತಿದ್ದರು. ಅರೆದು ಕುಡಿಯುವ ಕಾವಾ ಬೇರಿನ ಕಟ್ಟನ್ನು ಕಾಣಿಕೆಯಾಗಿ ರಾತುವಿನ ಮುಂದಿಟ್ಟು, ಚಾಪೆಯ ಮೇಲೆ ಕಾಲು ಮಡಿಸಿ ಕೂರಲಾರದೆ ಒದ್ದಾಡುತ್ತ, ನಿನ್ನ ದಿಬ್ಬ ನೋಡಲು ಅಪ್ಪಣೆ ಕೇಳುತ್ತಿದ್ದರು. ಆಮೇಲೆ ನಮ್ಮೂರಲ್ಲೇ ಉಳಿದುಬಿಟ್ಟಿದ್ದ ಸಕಿಯುಸಾನ ದೋಣಿ, ನನ್ನ ಪಾಠ. ನೀರಲ್ಲಿ ಕಣ್ಣಿಗೆ ಕಟ್ಟುವ ಗಾಜಿನ ಮಾಸ್ಕು ಮಬ್ಬಾಗದಂತೆ ಎಂಜಲು ಹಚ್ಚಿ ಒರೆಸುವುದು, ಬಾಯಲ್ಲಿ ಕೊಳವೆ ಕಚ್ಚಿ ಉಸಿರಾಡುವುದು, ಎಷ್ಟೇ ಸುಸ್ತಾದರೂ ಹವಳದ ಮೇಲೆ ಕಾಲಿಡದಿರುವುದು. ಒಬ್ಬ ಮುದುಕ ಮೇಲೆದ್ದು, “ಈ ಜಾಗ ನಿಮ್ಮ ಯಜಮಾನರದಂತೆ. ಎಲ್ಲಿದ್ದಾರೆ? ಥ್ಯಾಂಕ್ಸ್ ಹೇಳ್ಬೇಕು” ಎಂದ. “ಹೇಳಾಯ್ತು ಬಿಡಿ, ಇಷ್ಟೊತ್ತು ಅವರ ಎದೆ ಮೇಲೇ ಈಜಾಡ್ತಿದ್ರಿ” ಎಂದೆ. ಪಾಪ, ಹೆದರಿಬಿಟ್ಟ.

ಬಂದವರ ಕಾಣಿಕೆಯಿಂದ ಚರ್ಚಿಗೆ ಮಾಡು ಬಂತು, ಶಾಲೆಗೆ ನೀರಿನ ತೊಟ್ಟಿ ಬಂತು. ಇನ್ನು ದಿಬ್ಬ ತೆರೆಯುವ ಮಾತನ್ನು ಯಾರು ಎತ್ತುತ್ತಾರೆ? ತೆರೆಯದೆ ನನ್ನ ಕಪ್ಪು ಇಳಿಯುವಂತಿಲ್ಲ, ಸಕಿಯುಸಾನ ಗಡ್ಡ ಇಳಿಯುವಂತಿಲ್ಲ. ಅದು ಎದೆಯವರೆಗೆ ಬೆಳೆದು, ಬಂದವರೆಲ್ಲ ಅದರ ಜೊತೆ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಆದರೆ ಗಡ್ಡ ಮೀಸೆಯ ಮೇಲೆ ಮಾಸ್ಕು ಕೂರುವುದಿಲ್ಲ, ಕಟ್ಟಿದ ಕೂಡಲೇ ನೀರು ನುಗ್ಗುತ್ತದೆ. ದಿನವೂ ಜನರನ್ನು ಕರೆದೊಯ್ಯುತ್ತಿದ್ದ ಅವನು ಒಂದು ದಿನವೂ ದಿಬ್ಬವನ್ನು ಸರಿಯಾಗಿ ನೋಡಲಿಲ್ಲ. “ಭಾವ ಸತ್ತ ಮೇಲೂ ನನ್ನ ಕಣ್ಣು ಕಟ್ಟಿದಾನೆ ನೋಡು ತಂಗಿ. ಕೆಳಗೆ ಏನಿದೆ, ನೀನೇ ಹೇಳು” ಎನ್ನುತ್ತಿದ್ದ. ನಾನು ದೋಣಿಯ ಅಂಚು ಹಿಡಿದು ತೇಲುತ್ತ ಎಲ್ಲವನ್ನೂ ಹೇಳುತ್ತಿದ್ದೆ. ಮಂಚದಗಲದ ಚಪ್ಪಟೆ ಹವಳಗಳು, ಅವುಗಳ ಕೆಳಗೆ ನೆರಳಿಗೆ ನಿಂತ ಕೆಂಪು ಮೀನುಗಳು, ನನ್ನ ನೆರಳು ಬಿದ್ದರೆ ತುಟಿ ಮುಚ್ಚುವ ದೊಡ್ಡ ಚಿಪ್ಪು. ನಾನು ಊದಿ ಹೇಳುತ್ತಿದ್ದೇನೆ ಎಂದು ಅವನ ಅನುಮಾನ. ಊದುವ ಅಗತ್ಯವೇ ಇರಲಿಲ್ಲ.

ಒಂದು ಮಾತು ಹೇಳಲೇಬೇಕು. ಕಪ್ಪಿನಲ್ಲಿ ಅಷ್ಟು ವರ್ಷ ಕಳೆದದ್ದು ನನಗೆ ಭಾರವೆನಿಸಲಿಲ್ಲ. ನಿನ್ನಂಥವನು ಐವತ್ತು ತುಂಬುವ ಮೊದಲೇ ಕೆಮ್ಮಿ ಕೆಮ್ಮಿ ಸತ್ತದ್ದಕ್ಕೆ ನನ್ನ ಬಳಿ ಬೇರೆ ಯಾವ ಸಮಾಧಾನವೂ ಇರಲಿಲ್ಲ. ನೀನು ಸತ್ತೆ, ಅದರಿಂದ ದಿಬ್ಬ ಬದುಕಿತು. ದಿನವೂ ನೀರಿಗೆ ಮುಖವಿಟ್ಟಾಗ ಅದನ್ನೇ ಅಂದುಕೊಳ್ಳುತ್ತಿದ್ದೆ. ಹಾಗೆ ಅಂದುಕೊಂಡೇ ಬದುಕಿದ್ದೆ.

ಕಳೆದ ಬೇಸಿಗೆಯಲ್ಲಿ ನೀರು ಸ್ನಾನಕ್ಕೆ ಕಾಯಿಸಿದಂತಾಯಿತು. ಒಂದು ಬೆಳಿಗ್ಗೆ ಇಳಿದು ನೋಡುತ್ತೇನೆ, ದಿಬ್ಬಕ್ಕೆ ದಿಬ್ಬವೇ ಹೊಳೆಯುತ್ತಿದೆ! ಕಂದು ಹವಳಗಳೆಲ್ಲ ನೇರಳೆ, ನೀಲಿ, ಎಳೆ ಹಳದಿ. ಅಂಥ ಬಣ್ಣಗಳನ್ನು ನಾನು ಕಂಡಿರಲಿಲ್ಲ, ನಿನ್ನ ಅಪ್ಪನ ಕತೆಗಳಲ್ಲೂ ಇರಲಿಲ್ಲ. ಓಡಿ ಬಂದು ಊರಿಗೆಲ್ಲ ಹೇಳಿದೆ. “ಅಪಿಸಾಯ್ ಖುಷಿಯಾಗಿದಾನೆ. ನಾವು ಕಾದದ್ದಕ್ಕೆ ಒಪ್ಪಿಗೆ ಕೊಟ್ಟಿದಾನೆ” ಎಂದರು ರಾತು ಇನೋಕೆ. ಸತ್ತವರ ದಿಬ್ಬದಲ್ಲಿ ಬೆಳಕು ಕಂಡರೆ ನಾವು ಇನ್ನೇನು ತಿಳಿಯಬೇಕಿತ್ತು? ಭಾನುವಾರ ಚರ್ಚಿನಲ್ಲಿ ನಿನ್ನ ಹೆಸರಿನಲ್ಲಿ ಸ್ತೋತ್ರ ಹಾಡಿದೆವು. ಹಂದಿ ಕೊಯ್ದು, ಗುಂಡಿ ಒಲೆಯಲ್ಲಿ ಕೆಸುವಿನ ಗಡ್ಡೆ ಬೇಯಿಸಿ ಉಂಡೆವು. ಜಗಳಗಂಟಿ ನಿನ್ನ ಅವ್ವ ನನ್ನ ಗಲ್ಲ ಹಿಡಿದು, “ನನ್ನ ಮಗ ನಿನ್ನ ಕೈ ಬಿಟ್ಟಿಲ್ಲ ಕಣೇ” ಎಂದಳು. ಆ ದಿನ ನಾನು ಎಷ್ಟು ಸುಖವಾಗಿದ್ದೆ, ಅಪಿಸಾಯ್. ಮದುವೆಯ ದಿನವೂ ಅಷ್ಟಿರಲಿಲ್ಲ, ಬೇಜಾರು ಮಾಡಿಕೊಳ್ಳಬೇಡ.

ನೋಡಲು ಬಂದವರಲ್ಲಿ ನರೆಗೂದಲಿನ ಹೆಂಗಸೊಬ್ಬಳು ಮಾತ್ರ ಮೇಲೆ ಬಂದು ಮಾಸ್ಕು ತೆಗೆದು ನನ್ನ ಪಕ್ಕಕ್ಕೆ ಸರಿದು ಕೂತಳು. ನನ್ನ ತೊಡೆಯ ಮೇಲೆ ಕೈಯಿಟ್ಟು, “ಇದು ಜ್ವರ ಕಣಮ್ಮ. ಬೇರೆ ಸಮುದ್ರದಲ್ಲಿ ನೋಡಿದೀನಿ. ಬಿಸಿ ತಡೀಲಾರದೆ ಹವಳ ಹೀಗೆ ಹೊಳೆಯುತ್ತೆ, ಆಮೇಲೆ ಬೆಳ್ಳಗಾಗಿ ಸಾಯುತ್ತೆ” ಎಂದಳು. ಏನು ಮಾಡಬೇಕು ಎಂದು ಕೇಳಿದೆ. “ನೀರು ತಣಿಯಬೇಕು, ಅಷ್ಟೇ” ಎಂದಳು. ರಾತುವಿಗೆ ಹೇಳಿದರೆ ಅವರು ನಕ್ಕು, “ನಮ್ಮ ಸತ್ತವರ ಮಾತು ಅವಳಿಗೆ ಹೆಂಗೆ ತಿಳೀಬೇಕು?” ಎಂದರು. ಅವರ ನಗುವನ್ನೇ ನಂಬಲು ನನಗೂ ಮನಸ್ಸಾಯಿತು.

ಎರಡು ವಾರದಲ್ಲಿ ದಿಬ್ಬ ಬೆಳ್ಳಗಾಯಿತು, ಸುಣ್ಣ ಬಳಿದಂತೆ. ಮಳೆಯ ಹೊತ್ತಿಗೆ ಅದರ ಮೇಲೆ ಪಾಚಿ ಕೂತು, ಮುಟ್ಟಿದರೆ ಕೊಂಬೆಗಳು ಬಿಸ್ಕತ್ತಿನಂತೆ ಮುರಿಯತೊಡಗಿದವು. ನಾನು ಮಾಡದ ಪ್ರಾರ್ಥನೆಯಿಲ್ಲ. ನಿನ್ನ ಗೋರಿಯ ಮುಂದೆ ನಿಂತು ಬೈದದ್ದೂ ಇದೆ. ಬಲೆ ಹಾಕದೆ ಕಾದೆವು, ಕಾಲಿಡದೆ ಕಾದೆವು, ಮೀನು ತಿನ್ನುವ ಆಸೆಯನ್ನೂ ಕಟ್ಟಿಟ್ಟು ಕಾದೆವು. ನೀರೇ ಕಾದು ಬಂದರೆ ಕಂಬ ನೆಟ್ಟು ಬೇಡವೆನ್ನುವುದು ಯಾರಿಗೆ? ಪ್ರವಾಸಿಗಳ ದೋಣಿ ಬೇರೆ ದ್ವೀಪದ ಕಡೆ ತಿರುಗಿತು. ಊರು ಸೇರಿ, ಕಾಯಲು ಏನೂ ಉಳಿದಿಲ್ಲ, ಇನ್ನು ತೆರೆಯೋಣ ಎಂದಿತು. ನಾನೊಬ್ಬಳೇ ಎದ್ದು ನಿಂತು, “ಇನ್ನೊಂದು ವರ್ಷ ನೋಡೋಣ” ಎಂದೆ. ಯಾರಾದರೂ ಎದುರು ಹೇಳಿದ್ದರೆ ವಾದಕ್ಕಾದರೂ ಜಾಗವಿರುತ್ತಿತ್ತು. ಎಲ್ಲರೂ ನನ್ನನ್ನು ಕನಿಕರದಿಂದ ನೋಡಿ, ತೆರೆಯಲು ದಿನ ಗೊತ್ತು ಮಾಡಿದರು.

ಶನಿವಾರ ರಾತು ಕಂಬ ಕಿತ್ತರು. ಹುಡುಗರು ಬಲೆ ಹಾಕಿ ಬೆಳಗಿನಿಂದ ಎಳೆದರು. ಪಾಚಿ ತಿನ್ನುವ ಕಹಿ ಮೀನು ಒಂದಿಷ್ಟು ಸಿಕ್ಕಿತು, ಊರಿಗೆ ಬಡಿಸುವಂಥದ್ದಲ್ಲ. ಅಂಗಡಿಯಿಂದ ಡಬ್ಬಿ ಮೀನು ತಂದು ತೆಂಗಿನ ಹಾಲಿನಲ್ಲಿ ಕುದಿಸಿದೆವು. ಬೆಸ್ತರ ಹಿರಿಯನ ಸೂತಕ ಕಳೆಯಲು ಡಬ್ಬಿ ಮೀನು! ಹೊಟ್ಟೆ ಹಸಿದಿತ್ತು, ನಾನೂ ಎರಡು ಸಲ ಹಾಕಿಸಿಕೊಂಡೆ. ಹೆಂಗಸರು ನನ್ನ ಕಪ್ಪು ತೆಗೆದು ಹೂವಿನ ಚಿತ್ತಾರದ ಬಟ್ಟೆ ಉಡಿಸಿದರು.

ಸಕಿಯುಸಾನನ್ನು ಚರ್ಚಿನ ಮೆಟ್ಟಿಲ ಮೇಲೆ ಕೂರಿಸಿ ಗಡ್ಡ ತೆಗೆದರು. ಅದರ ಕೆಳಗೆ ಮುದುಕನೊಬ್ಬ ಇದ್ದ. ಅವನು ಕನ್ನಡಿ ಕೇಳಲಿಲ್ಲ, ಮಾಸ್ಕು ಕೇಳಿದ. “ಬೇಡ ಅಣ್ಣ, ಈಗ ಏನಿದೆ ಅಲ್ಲಿ” ಎಂದೆ. “ಇಷ್ಟು ವರ್ಷ ನಿನ್ನ ಮಾತು ಕೇಳಿದೀನಿ. ಒಂದು ಸಲ ನಾನೇ ನೋಡ್ತೀನಿ” ಎಂದ. ದೋಣಿಯಲ್ಲಿ ಕರೆದುಕೊಂಡು ಹೋದೆ. ಬೋಳು ಮುಖಕ್ಕೆ ಮಾಸ್ಕು ಗಟ್ಟಿಯಾಗಿ ಕೂತಿತು, ಒಂದು ಹನಿ ನುಗ್ಗಲೂ ಸಂದಿಲ್ಲದಂತೆ. ಬಹಳ ಹೊತ್ತು ತೇಲಿದ. ಮೇಲೆ ಬಂದು ದೋಣಿ ಹತ್ತಿದಾಗ ಮಾಸ್ಕಿನೊಳಗೆ ನೀರು ತುಳುಕುತ್ತಿತ್ತು. “ಇದೂ ಸೋರ್ತದೆ ತಂಗಿ” ಎಂದ. ಹೌದು ಎಂದೆ. ದಡ ಸೇರುವವರೆಗೆ ಅವನು ಮಾಸ್ಕು ತೆಗೆಯಲಿಲ್ಲ.

ಆ ದಿಬ್ಬ ಹೇಗಿತ್ತು ಎಂದು ಇನ್ನು ಹೇಳಿದರೆ, ನೀನು ಹೇಳಿದಾಗ ನಾನು ನಕ್ಕಂತೆ ಮಕ್ಕಳು ನಗುತ್ತಾರೆ. ನಗಲಿ. ನನಗೆ ನೋವಾಗುವುದು ಬೇರೆಯದಕ್ಕೆ. ನಿನ್ನ ಸಾವಿಗೆ ಒಂದು ಬೆಲೆ ಸಿಕ್ಕಿತ್ತು, ಈಗ ಇಲ್ಲ. ಎಲ್ಲರ ಗಂಡಂದಿರಂತೆ ನೀನೂ ಸುಮ್ಮನೆ ಸತ್ತವನು.

ಕಡೆಯ ದಿನ ತುತ್ತೂರಿ ಊದಿದಾಗ ಸತ್ತವರೆಲ್ಲ ಏಳುತ್ತಾರೆ ಎಂದು ಪಾದ್ರಿಗಳು ಹೇಳುತ್ತಲೇ ಇರುತ್ತಾರೆ. ನಿನ್ನ ದಿಬ್ಬ ಕಾಣಲಿ ಎಂದು ನಿನ್ನನ್ನು ಸಮುದ್ರಕ್ಕೆ ಮುಖ ಮಾಡಿ ಮಲಗಿಸಿದವಳು ನಾನೇ. ಎದ್ದರೆ ಮೊದಲು ಗುಡ್ಡದ ಕಡೆ ತಿರುಗು. ಅಷ್ಟು ಹೊತ್ತಿಗೆ ನಾನೂ ನಿನ್ನ ಪಕ್ಕದಲ್ಲಿ ಎದ್ದಿರುತ್ತೇನೆ. ನನ್ನ ಮುಖ ನೋಡು, ನೀರನ್ನು ನೋಡಬೇಡ.

ಈಗ ಮಲಗು. ದೇವರು ನಿನ್ನನ್ನು ಎಬ್ಬಿಸದೇ ಇರಲಿ.

ನಿನ್ನ,
ಉನಾಯ್ಸಿ